ಒಂದು ಟರ್ನ್‌ಗೆ ಎಷ್ಟು ದಿನ?

ಇತಿಹಾಸದ ಸ್ಟ್ರಾಟಜಿ ಗೇಮ್‌ಗಳಿಗೆ ಮಾಡ್ ಕಟ್ಟುವವರ ನಡುವೆ ಒಂದು ಹಳೆಯ ಜಗಳವಿದೆ: ಒಂದೇ ಗ್ರ್ಯಾಂಡ್ ಕ್ಯಾಂಪೇನ್ ಮಾಡಬೇಕೋ, ನಾಲ್ಕಾರು ಚಿಕ್ಕ ಕ್ಯಾಂಪೇನ್‌ಗಳನ್ನೋ? ಕತಾರ್‌ನ ಜುಬಾರಾ ಮತ್ತು ನಮ್ಮ ಮಂಗಳೂರು ಒಂದೇ ವರ್ಷ ಕಂಡ ಎರಡು ಯುದ್ಧಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಬಿಡಿಸಿ ನೋಡಬಹುದು.

1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಜಾನ್ ಕ್ಯಾಂಬೆಲ್‌ನ ಕೈಕೆಳಗಿನ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ, ಹೊರಗೆ ಕರಾವಳಿಯ ಮಳೆ. ಎಂಟು ತಿಂಗಳು ಜಗ್ಗಾಟ ನಡೆದು, 1784ರ ಜನವರಿ ಕೊನೆಗೆ ಕೋಟೆ ಟಿಪ್ಪುವಿನ ಕೈಸೇರಿತು. ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಯಿತು. ಇದು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತಿರುವ ಕತೆ.

ಅದೇ ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಆಚೆ ಇನ್ನೊಂದು ಯುದ್ಧ ಮುಗಿಯಿತು. ಕತಾರ್‌ನ ವಾಯವ್ಯ ತೀರದಲ್ಲಿ ಜುಬಾರಾ ಎಂಬ ಬಂದರು ಪಟ್ಟಣವಿತ್ತು. ಕುವೈತ್‌ನಿಂದ ಬಂದ ಉತೂಬ್ ಬುಡಕಟ್ಟಿನ ವ್ಯಾಪಾರಿಗಳು 1760ರ ದಶಕದಲ್ಲಿ ಅದನ್ನು ಬೆಳೆಸಿದ್ದರು. ಬಹರೈನ್ ದ್ವೀಪವನ್ನು ಆಳುತ್ತಿದ್ದ, ಇರಾನಿನ ಬುಶೆಹರ್‌ನ ನಾಸರ್ ಅಲ್ ಮದ್ಕೂರ್ ಹಡಗುಗಳನ್ನು ಕಟ್ಟಿಕೊಂಡು ಜುಬಾರಾದ ಮೇಲೆ ಬಿದ್ದ, ಸೋತು ಹಿಂದಿರುಗಿದ. 1783ರ ಜುಲೈ ಹೊತ್ತಿಗೆ ಉತೂಬರು ಬಹರೈನನ್ನೇ ಗೆದ್ದುಕೊಂಡರು. ಅಲ್ಲಿ ಇಂದಿಗೂ ಆಳುತ್ತಿರುವುದು ಆ ಗೆಲುವಿನ ಮುಂದಾಳುಗಳಾಗಿದ್ದ ಖಲೀಫಾ ಮನೆತನವೇ.

ಈ ಎರಡೂ ಯುದ್ಧಗಳನ್ನು ಕಂಪ್ಯೂಟರ್ ಗೇಮ್ ಒಂದರಲ್ಲಿ ಆಡಬೇಕೆಂದುಕೊಳ್ಳಿ. ಹದಿನೆಂಟನೇ ಶತಮಾನಕ್ಕೆ ಹೆಸರಾದ ಆಟ 2009ರಲ್ಲಿ ಬಂದ 'ಎಂಪೈರ್: ಟೋಟಲ್ ವಾರ್'. ಅದರಲ್ಲಿ ಮರಾಠರನ್ನು ಆಡಬಹುದು, ಬ್ರಿಟಿಷರನ್ನು ಆಡಬಹುದು. ಮೈಸೂರು ಮ್ಯಾಪಿನ ಮೇಲೆ ಇದೆ, ಆದರೆ ಕಂಪ್ಯೂಟರೇ ನಡೆಸುವ ಚಿಲ್ಲರೆ ರಾಜ್ಯವಾಗಿ. ಆಟಗಾರ ಅದನ್ನು ಆರಿಸಿಕೊಳ್ಳುವಂತಿಲ್ಲ. ಜುಬಾರಾದ ಹೆಸರೇ ಇಲ್ಲ. ಈ ಕೊರತೆ ತುಂಬಲು ಹೊರಟವರೇ ಮಾಡ್ ಕಟ್ಟುವವರು.

ಮಾಡ್ ಎಂದರೆ

ಗೇಮ್ ಕಂಪನಿ ಮಾರಿದ ಆಟದ ಕಡತಗಳನ್ನು ಅಭಿಮಾನಿಗಳು ಬಿಚ್ಚಿ, ಮ್ಯಾಪ್ ಬದಲಿಸಿ, ಹೊಸ ರಾಜರನ್ನು ಕೂರಿಸಿ, ಹೊಸ ಸೈನಿಕರಿಗೆ ಬಟ್ಟೆ ತೊಡಿಸಿ, ಸಾಮಾನ್ಯವಾಗಿ ಪುಕ್ಕಟೆಯಾಗಿ ಹಂಚುವ ಮಾರ್ಪಾಡಿಗೆ ಮಾಡ್ ಎನ್ನುತ್ತಾರೆ. ಕೆಲವು ಮಾಡ್‌ಗಳು ಮೂಲ ಆಟವನ್ನೂ ಮೀರಿಸಿವೆ. ಪ್ರಾಚೀನ ಜಗತ್ತಿನ 'ಯುರೋಪಾ ಬಾರ್ಬರೋರಮ್' ಅಂಥದು. ಆ ತಂಡದ ಎರಡನೇ ಮಾಡ್ ಹಲವು ವರ್ಷಗಳ ದುಡಿಮೆಯ ಬಳಿಕ 2014ರಲ್ಲಿ ಹೊರಬಂತು. ಅದು ಓಡುತ್ತಿದ್ದುದು 2006ರ ಆಟದ ಇಂಜಿನ್ ಮೇಲೆ. ದುಡಿದವರೆಲ್ಲ ಕೆಲಸ, ಓದು, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ದುಡಿದವರು.

ಆಟದ ಅಡಿಪಾಯ ಕ್ಯಾಂಪೇನ್. ಒಂದು ಮ್ಯಾಪ್, ಅದರ ಮೇಲೆ ಪ್ರಾಂತ್ಯಗಳು, ಪ್ರತಿ ಪ್ರಾಂತ್ಯಕ್ಕೊಂದು ಪಟ್ಟಣ, ಹಲವು ಫ್ಯಾಕ್ಷನ್‌ಗಳು, ಅಂದರೆ ಪಕ್ಷಗಳು. ಆಟಗಾರ ತನ್ನ ಟರ್ನ್‌ನಲ್ಲಿ, ಅಂದರೆ ಸರದಿಯಲ್ಲಿ, ತೆರಿಗೆ ಏರಿಸುತ್ತಾನೆ, ಸೈನ್ಯ ಕಟ್ಟುತ್ತಾನೆ, ದಂಡು ನಡೆಸುತ್ತಾನೆ. ಆಮೇಲೆ ಉಳಿದ ಫ್ಯಾಕ್ಷನ್‌ಗಳನ್ನೆಲ್ಲ ಕಂಪ್ಯೂಟರ್ ಆಡುತ್ತದೆ. ಒಂದು ಖಂಡ, ಒಂದೆರಡು ಶತಮಾನ, ಇಪ್ಪತ್ತು ಮೂವತ್ತು ರಾಜ್ಯಗಳಿದ್ದರೆ ಅದು ಗ್ರ್ಯಾಂಡ್ ಕ್ಯಾಂಪೇನ್. ಒಂದು ತೀರ, ಹತ್ತಿಪ್ಪತ್ತು ವರ್ಷ, ನಾಲ್ಕೈದು ಪಕ್ಷಗಳಿದ್ದರೆ ಚಿಕ್ಕದು.

ಕಂಪನಿಗಳು ಎರಡನ್ನೂ ಮಾಡಿ ನೋಡಿವೆ. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ 2006ರಲ್ಲಿ ತಂದ 'ಮೆಡೀವಲ್ 2' ಆಟದ ಗ್ರ್ಯಾಂಡ್ ಕ್ಯಾಂಪೇನ್ 1080ರಿಂದ 1530ರವರೆಗೆ ಹಬ್ಬಿತ್ತು. ಮರುವರ್ಷ ಬಂದ 'ಕಿಂಗ್ಡಮ್ಸ್' ವಿಸ್ತರಣೆ ದಾರಿ ಬದಲಿಸಿತು. ಅಮೆರಿಕ, ಬ್ರಿಟನ್, ಕ್ರುಸೇಡ್, ಟ್ಯೂಟಾನಿಕ್ ಸೇನಾಪಂಥ ಎಂದು ನಾಲ್ಕು ಚಿಕ್ಕ ಕ್ಯಾಂಪೇನ್‌ಗಳನ್ನು ಕೊಟ್ಟಿತು. ನಾಲ್ಕಕ್ಕೂ ಬೇರೆ ಬೇರೆ ಮ್ಯಾಪ್. ನಾಲ್ಕೂ ಒಂದೇ ಆಟದೊಳಗೆ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಕೂತಿದ್ದವು. ಮೂಲ ಆಟವನ್ನು ಮುಟ್ಟದೆ ಪಕ್ಕದಲ್ಲೇ ಇನ್ನೊಂದನ್ನು ಇಡುವ ಈ ವಿಧಾನ ಮುಂದೆ ಮಾಡ್ ಕಟ್ಟುವವರಿಗೆಲ್ಲ ರೂಢಿಯಾಯಿತು. 2010ರ 'ನೆಪೋಲಿಯನ್' ಆಟ ಇಟಲಿ, ಈಜಿಪ್ಟ್, ಯುರೋಪ್ ಎಂದು ದಂಡಯಾತ್ರೆಗಳನ್ನು ಬಿಡಿಬಿಡಿಯಾಗಿ ಹಂಚಿತು. 2013ರ 'ರೋಮ್ 2' ಆಟಕ್ಕೆ ಆಮೇಲೆ ಸೀಸರ್, ಹ್ಯಾನಿಬಲ್ ಮೊದಲಾದವರ ಚಿಕ್ಕ ಕ್ಯಾಂಪೇನ್‌ಗಳು ಒಂದರ ಹಿಂದೊಂದು ಬಂದವು.

ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯದು ಇನ್ನೊಂದು ಹಟ. ಅದರ 'ಯುರೋಪಾ ಯೂನಿವರ್ಸಾಲಿಸ್ 4' ಇಡೀ ಭೂಮಿಯನ್ನೇ ಹರವಿ, 1444ರ ನವೆಂಬರ್ 11ರಂದು ಗಡಿಯಾರ ಶುರು ಮಾಡುತ್ತದೆ. ಅದರಲ್ಲಿ ವಿಜಯನಗರವಿದೆ, ಗದ್ದುಗೆಯ ಮೇಲೆ ಇಮ್ಮಡಿ ದೇವರಾಯನಿದ್ದಾನೆ, ಕನ್ನಡ ಎಂಬ ಸಂಸ್ಕೃತಿಯೂ ಪಟ್ಟಿಯಲ್ಲಿದೆ. ನಮ್ಮ ಹುಡುಗರು ಖುಷಿಪಡಲು ಇಷ್ಟು ಸಾಕು. ಆದರೆ ಹಂಪಿಯ ಬಜಾರಿನಲ್ಲಿ ಏನು ನಡೆಯಿತು ಎಂಬುದಕ್ಕೆ ಆ ಮ್ಯಾಪಿನಲ್ಲಿ ಜಾಗವಿಲ್ಲ.

ಒಂದು ಕಪ್ಪು ಚುಕ್ಕೆಯ ಹಿಂದೆ

ದೊಡ್ಡ ಕ್ಯಾಂಪೇನ್ ಯಾಕೆ ಮುಗಿಯುವುದಿಲ್ಲ ಎಂದು ತಿಳಿಯಲು ಒಂದು ಪ್ರಾಂತ್ಯ ಹುಟ್ಟುವುದನ್ನು ಹತ್ತಿರದಿಂದ ನೋಡಬೇಕು. 'ಮೆಡೀವಲ್ 2' ಆಟದಲ್ಲಿ ಪ್ರಾಂತ್ಯಗಳೆಲ್ಲ ಇರುವುದು ಒಂದು ಸಾದಾ ಚಿತ್ರದ ಕಡತದಲ್ಲಿ. ಪ್ರತಿ ಪ್ರಾಂತ್ಯಕ್ಕೂ ಬೇರೆ ಬಣ್ಣ. ಪಟ್ಟಣ ಇರುವಲ್ಲಿ ಒಂದೇ ಒಂದು ಕಪ್ಪು ಪಿಕ್ಸೆಲ್, ಬಂದರು ಇರುವಲ್ಲಿ ಒಂದು ಬಿಳಿ ಪಿಕ್ಸೆಲ್. ಕೈತಪ್ಪಿ ಒಂದು ಬಣ್ಣದೊಳಗೆ ಎರಡು ಕಪ್ಪು ಚುಕ್ಕೆ ಬಿದ್ದರೆ, ಇಲ್ಲವೇ ಬಿಳಿ ಚುಕ್ಕೆ ತೀರದಿಂದ ಸರಿದರೆ, ಆಟ ಕೆಟ್ಟು ಕೂರುತ್ತದೆ. ಎಲ್ಲಿ ತಪ್ಪಿದೆ ಎಂದು ಹಲವು ಸಲ ಹೇಳುವುದೂ ಇಲ್ಲ.

ಬಣ್ಣ ಹಚ್ಚಿದ್ದು ಬರೀ ಆರಂಭ. ಆ ಪ್ರಾಂತ್ಯಕ್ಕೆ ಹೆಸರು, ಬೆಳೆ, ಗಣಿ, ಧರ್ಮಗಳ ಪಾಲು, ದಂಗೆಯೇಳುವವರ ಪಟ್ಟಿ ಬರೆಯಬೇಕು. ಎತ್ತರ, ನೆಲದ ಬಗೆ, ಹವೆ ಎಲ್ಲಕ್ಕೂ ಪ್ರತ್ಯೇಕ ಚಿತ್ರಗಳು, ಒಂದಕ್ಕೊಂದು ತಾಳೆಯಾಗಬೇಕು. ಫ್ಯಾಕ್ಷನ್ ಸೇರಿಸಿದರೆ ಬಾವುಟ, ಲಾಂಛನ, ಗಂಡಸರ ಹೆಂಗಸರ ಹೆಸರುಗಳ ಪಟ್ಟಿ, ಮುಖಚಿತ್ರ, ಸೈನಿಕರ ಮೂರು ಆಯಾಮದ ಮಾದರಿ, ಬಟ್ಟೆಯ ಚಿತ್ರ, ವಿವರಣೆ. ಒಂದು ಫ್ಯಾಕ್ಷನ್‌ಗೆ ಇಪ್ಪತ್ತು ಬಗೆಯ ಸೈನಿಕರು ಎಂದಿಟ್ಟುಕೊಂಡರೂ ಮೂವತ್ತು ಫ್ಯಾಕ್ಷನ್‌ಗೆ ಆರುನೂರಾಯಿತು. ಹಳೆಯ ಇಂಜಿನ್ ಇದಕ್ಕೊಂದು ಮಿತಿಯನ್ನೂ ಹಾಕಿತ್ತು: 31 ಫ್ಯಾಕ್ಷನ್, 200ರ ಆಸುಪಾಸು ಪ್ರಾಂತ್ಯ. ಮಾಡ್ ತಂಡಗಳು ಅಷ್ಟನ್ನೂ ತುಂಬಿ, ಇನ್ನೂ ಬೇಕೆಂದು ಗೊಣಗಿದವು. ಮಿತಿಯಿದೆ ಎಂದರೆ ಅದನ್ನು ಮುಟ್ಟಲೇಬೇಕು ಎಂಬ ಹುಕಿ ಎಲ್ಲರಿಗೂ ಹತ್ತುತ್ತದೆ.

ಇದಕ್ಕಿಂತ ಕಷ್ಟದ್ದು ಪರೀಕ್ಷೆ. 'ಮೆಡೀವಲ್ 2' ಆಟದ ದೊಡ್ಡ ಕ್ಯಾಂಪೇನ್ 225 ಟರ್ನ್‌ಗಳದು. ಅಲ್ಲಿ ಇನ್ನೂರನೇ ಟರ್ನ್‌ನಲ್ಲಿ ಕಾಣಿಸುವ ದೋಷವನ್ನು ಹಿಡಿಯಲು ಯಾರಾದರೂ ಇನ್ನೂರು ಟರ್ನ್ ಆಡಬೇಕು. ಪ್ರತಿ ಟರ್ನ್ ಕೊನೆಗೂ ಮೂವತ್ತು ಫ್ಯಾಕ್ಷನ್‌ಗಳ ಲೆಕ್ಕಾಚಾರ ಮುಗಿಯುವ ತನಕ ಕಾಯಬೇಕು. ಸರಿಪಡಿಸಿದ ಮೇಲೆ ಮತ್ತೆ ಮೊದಲಿನಿಂದ. ಹಾಗಾಗಿ ದೊಡ್ಡ ಮಾಡ್‌ಗಳಲ್ಲಿ ಮೊದಲ ಐವತ್ತು ಟರ್ನ್ ನಯವಾಗಿ ಸಾಗುತ್ತವೆ, ಆಮೇಲಿನದು ಕಾಡು. ಅರವತ್ತು ಟರ್ನ್‌ಗಳ, ಐದು ಫ್ಯಾಕ್ಷನ್‌ಗಳ ಕ್ಯಾಂಪೇನನ್ನು ಒಂದು ವಾರಾಂತ್ಯದಲ್ಲಿ ಕೊನೆಮುಟ್ಟ ಆಡಿ, ಬರುವ ವಾರ ಮತ್ತೆ ಆಡಬಹುದು. ಬಿಡುವಿನಲ್ಲಿ ದುಡಿಯುವ ತಂಡಕ್ಕೆ ಈ ಒಂದು ಅನುಕೂಲವೇ ಸಾಕು.

ಗಡಿಯಾರದ ತಕರಾರು

ಶ್ರಮದ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಅದಕ್ಕಿಂತ ಆಳದ ವ್ಯತ್ಯಾಸ ಇರುವುದು ಕಾಲದಲ್ಲಿ. 'ಮೆಡೀವಲ್ 2' ಆಟದಲ್ಲಿ ಒಂದು ಟರ್ನ್ ಎಂದರೆ ಎರಡು ವರ್ಷ. 'ಎಂಪೈರ್' ಆಟದಲ್ಲಿ ಆರು ತಿಂಗಳು. 'ರೋಮ್ 2' ಆಟ ಮೊದಲು ಬಂದಾಗ ಅದರ ದೊಡ್ಡ ಕ್ಯಾಂಪೇನ್‌ನಲ್ಲಿ ಒಂದು ವರ್ಷ. ಅದೇ ಆಟಕ್ಕೆ ಆಮೇಲೆ ಬಂದ 'ಸೀಸರ್ ಇನ್ ಗಾಲ್' ಎಂಬ ಚಿಕ್ಕ ಕ್ಯಾಂಪೇನ್‌ನಲ್ಲಿ ವರ್ಷಕ್ಕೆ 24 ಟರ್ನ್, ಅಂದರೆ ಹದಿನೈದು ದಿನಕ್ಕೊಂದು. ಮ್ಯಾಪ್ ಕಿರಿದಾಗುತ್ತಿದ್ದಂತೆ ಗಡಿಯಾರ ನಿಧಾನವಾಯಿತು. ಚಳಿಗಾಲಕ್ಕೆ ಮುಂಚೆ ಕೋಟೆ ಹಿಡಿಯಬೇಕೇ, ಬೀಡು ಬಿಡಬೇಕೇ ಎಂಬ ಪ್ರಶ್ನೆಗೆ ಆಗ ಜೀವ ಬಂತು.

ಮಂಗಳೂರಿನ ಮುತ್ತಿಗೆಯನ್ನು ಈ ಗಡಿಯಾರಗಳಿಗೆ ಕಟ್ಟಿ ನೋಡಿ. ಎರಡು ವರ್ಷದ ಟರ್ನ್‌ನಲ್ಲಿ ಇಡೀ ಮುತ್ತಿಗೆ, ಒಪ್ಪಂದ, ಸೈನ್ಯ ಹಿಂದೆ ಸರಿದದ್ದು ಎಲ್ಲ ಒಂದು ಕ್ಲಿಕ್ಕಿನೊಳಗೆ ಮಾಯ. ಆರು ತಿಂಗಳ ಟರ್ನ್‌ನಲ್ಲಿ ಎರಡು ಕ್ಲಿಕ್. ಮಳೆ ಯಾವಾಗ ಹಿಡಿಯಿತು, ಕಡಲು ಯಾವಾಗ ತೆರೆಯಿತು, ಒಳಗಿನವರಿಗೆ ಅಕ್ಕಿ ಯಾವಾಗ ಮುಗಿಯಿತು ಎಂಬುದಕ್ಕೆ ಆಸ್ಪದವಿಲ್ಲ. ಕರಾವಳಿಯಲ್ಲಿ ಯುದ್ಧವನ್ನು ನಡೆಸುತ್ತಿದ್ದುದೇ ಮಳೆ. ಹಡಗಿನಲ್ಲಿ ನೆರವು ಬರಬೇಕಾದವರಿಗೆ ಮಳೆಗಾಲವೆಂದರೆ ಮುಚ್ಚಿದ ಬಾಗಿಲು. ಹದಿನೈದು ದಿನಕ್ಕೊಂದು ಟರ್ನ್ ಇಟ್ಟರೆ ಮಾತ್ರ ಆ ಬಾಗಿಲು ಮ್ಯಾಪಿನ ಮೇಲೆ ಕಾಣುತ್ತದೆ.

ಕೊಲ್ಲಿಯ ಕಡೆಗೆ ಬಂದರೆ ಈ ಮಾತು ಇನ್ನೂ ಗಟ್ಟಿ. ತೈಲಕ್ಕೆ ಮುಂಚಿನ ಕತಾರ್ ಬದುಕುತ್ತಿದ್ದುದು ಮುತ್ತಿನಿಂದ. ಬೇಸಿಗೆಯ ನಾಲ್ಕು ತಿಂಗಳು ಗಂಡಸರು ದೋಣಿ ಹತ್ತಿ ಸಮುದ್ರ ಸೇರುತ್ತಿದ್ದರು. ದೋಣಿಯ ನಾಯಕನಾದ ನಖುದಾ ಮುಂಗಡ ಸಾಲ ಕೊಡುತ್ತಿದ್ದ, ಅವನಿಗೆ ವ್ಯಾಪಾರಿ ಕೊಡುತ್ತಿದ್ದ. ಮುತ್ತು ಸಿಗದ ವರ್ಷ ಸಾಲ ಮುಂದಿನ ವರ್ಷಕ್ಕೆ ಏರುತ್ತಿತ್ತು. ಆ ತಿಂಗಳುಗಳಲ್ಲಿ ಪಟ್ಟಣ ಕಾಯಲು ಕೈಗಳೇ ಕಡಿಮೆ. ದೋಣಿಗಳ ಮೇಲೆ ಯಾರಾದರೂ ಬಿದ್ದರೆ ಇಡೀ ವರ್ಷದ ಅನ್ನ ಹೋಯಿತು. ಇದು ಎಷ್ಟು ದೊಡ್ಡ ಸಂಗತಿಯಾಗಿತ್ತೆಂದರೆ, 1835ರಲ್ಲಿ ಬ್ರಿಟಿಷರ ಮಧ್ಯಸ್ಥಿಕೆಯಲ್ಲಿ ಕೊಲ್ಲಿಯ ಕೆಲವು ಶೇಖ್‌ಗಳು ಮಾಡಿಕೊಂಡ ಕಡಲ ಕದನವಿರಾಮ ಇದ್ದದ್ದೇ ಮುತ್ತಿನ ಕಾಲಕ್ಕೆ ಮಾತ್ರ. ಮುತ್ತು ತೆಗೆಯುವಾಗ ಹೊಡೆದಾಡಬಾರದು ಎಂಬುದಷ್ಟೇ ಕರಾರು. 1843ರಲ್ಲಿ ಅದನ್ನು ಹತ್ತು ವರ್ಷಕ್ಕೆ ಹಿಗ್ಗಿಸಿ, 1853ರಲ್ಲಿ ಕಾಯಂ ಮಾಡಿದರು.

ವರ್ಷಕ್ಕೆ ಒಂದೇ ಟರ್ನ್ ಇರುವ ಆಟದಲ್ಲಿ ಮುತ್ತು ಎಂದರೆ ಖಜಾನೆಗೆ ಸೇರುವ ಒಂದು ಅಂಕಿ. ಹದಿನೈದು ದಿನದ ಟರ್ನ್‌ನಲ್ಲಿ ಅದೊಂದು ಸಂಕಟ: ದೋಣಿ ಕಳಿಸಲೋ, ಗೋಡೆ ಕಾಯಲೋ? ಈ ಒಂದು ಪ್ರಶ್ನೆ ಇಲ್ಲದಿದ್ದರೆ ಅದು ಕೊಲ್ಲಿಯ ಆಟವೇ ಅಲ್ಲ. ಬಾವುಟ ಬದಲಿಸಿದ ಯುರೋಪಿನ ಆಟ.

ಗಡಿಯಾರವನ್ನು ಬದಲಿಸುವುದು ಕಷ್ಟವೇನಲ್ಲ ಎಂದು ಹೊಸಬರಿಗೆ ಅನಿಸುತ್ತದೆ. 'ಮೆಡೀವಲ್ 2' ಆಟದ ಕ್ಯಾಂಪೇನ್ ಕಡತದಲ್ಲಿ ಟೈಮ್‌ಸ್ಕೇಲ್ ಎಂದು ಒಂದೇ ಸಾಲಿದೆ, 2.00 ಎಂದಿರುವುದನ್ನು 0.50 ಎಂದು ಬರೆದರೆ ಟರ್ನ್ ಆರು ತಿಂಗಳಿಗೆ ಇಳಿಯುತ್ತದೆ. ಆದರೆ ಮೂಲ ಆಟದಲ್ಲೇ ಒಂದು ವಿಚಿತ್ರವಿದೆ. ಮ್ಯಾಪ್ ಎರಡು ವರ್ಷ ಮುಂದೆ ಹೋದಾಗ ಸೇನಾಪತಿಗೆ ಬರೀ ಆರು ತಿಂಗಳು ವಯಸ್ಸಾಗುತ್ತದೆ. ಇಲ್ಲದಿದ್ದರೆ ಮಗ ಹುಟ್ಟಿ ದೊಡ್ಡವನಾಗುವಷ್ಟರಲ್ಲಿ ಅಪ್ಪ ಒಂದು ಯುದ್ಧವನ್ನೂ ಮಾಡಿರುತ್ತಿರಲಿಲ್ಲ. ಆಟ ಕಟ್ಟಿದವರೇ ಎರಡು ಗಡಿಯಾರ ಇಟ್ಟು ಸುಧಾರಿಸಿಕೊಂಡಿದ್ದಾರೆ. ದಂಡು ಒಂದು ಟರ್ನ್‌ನಲ್ಲಿ ಎಷ್ಟು ದೂರ ನಡೆಯಬೇಕು, ಕಟ್ಟಡಕ್ಕೆ ಎಷ್ಟು ಟರ್ನ್ ಬೇಕು, ಸಂಬಳ ಎಷ್ಟು, ಬೆಳೆ ಎಷ್ಟು ಎಂಬುದೆಲ್ಲ ಆ ಒಂದು ಸಾಲಿಗೆ ಕಟ್ಟುಬಿದ್ದಿರುತ್ತದೆ. ಸಾಲು ಬದಲಾದರೆ ಎಲ್ಲ ಲೆಕ್ಕವೂ ಹೊಸದಾಗಿ ಆಗಬೇಕು.

ಜುಬಾರಾವನ್ನು ಮ್ಯಾಪಿಗೆ ತರುವುದು

ದೋಹಾದಿಂದ ವಾಯವ್ಯಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಜುಬಾರಾ. ಶುಕ್ರವಾರ ಕಾರು ಹತ್ತಿ ಹೊರಡುವ ದೋಹಾದ ಕನ್ನಡ ಸಂಸಾರಗಳಿಗೆ ಪರಿಚಿತವಾದ ಚೌಕದ ಕೋಟೆ 1938ರದ್ದು, ಅದು ಈಚಿನದು. ಹಳೆಯ ಪಟ್ಟಣ ಇರುವುದು ಸಮುದ್ರದ ಕಡೆ, ಮರಳಿನಡಿಯಲ್ಲಿ. 2013ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಕತಾರ್‌ನ ಮೊದಲ ಹೆಸರು ಅದು. ಕತಾರ್ ಮ್ಯೂಸಿಯಮ್ಸ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ತಂಡ ಅಗೆದಾಗ ಅಂಗಳದ ಮನೆಗಳು, ಬಜಾರು, ಮುಳುಗುಗಾರರು ಬಳಸುತ್ತಿದ್ದ ಭಾರದ ಕಲ್ಲುಗಳು ಸಿಕ್ಕವು. ಒಂದು ಗೋಡೆಯ ಗಾರೆಯ ಮೇಲೆ ಯಾರೋ ಗೀರಿದ ಧೌ ಹಡಗಿನ ಚಿತ್ರವಿತ್ತು. ಹಡಗಿನ ಮಾದರಿ ಮಾಡಲು ಹೊರಟ ಕಲಾವಿದನಿಗೆ, ಹಡಗನ್ನು ದಿನವೂ ನೋಡುತ್ತಿದ್ದವನೇ ಬಿಡಿಸಿಕೊಟ್ಟ ನಕ್ಷೆ ಅದು.

ಆಟ ಕಟ್ಟುವವನ ಕಣ್ಣಿಗೆ ಅಲ್ಲಿ ಇನ್ನೊಂದು ಸಂಗತಿ ಬೀಳುತ್ತದೆ: ಪಟ್ಟಣದಲ್ಲಿ ಕುಡಿಯುವ ನೀರಿರಲಿಲ್ಲ. ಒಂದೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು ಒಳಗೆ, ಮುರೈರ್ ಎಂಬಲ್ಲಿ ಬಾವಿಗಳಿದ್ದವು. ಅವನ್ನು ಕಾಯಲು ಅಲ್ಲೊಂದು ಕೋಟೆ. ಸಮುದ್ರದ ಕಡೆಯಿಂದ ಬಂದ ಶತ್ರುವಿಗೆ ಗೋಡೆ ಒಡೆಯುವ ತಾಪತ್ರಯವೇ ಬೇಡ, ಬಾವಿಯ ದಾರಿ ಕಡಿದರೆ ಸಾಕು. ಖಂಡದ ಮ್ಯಾಪಿನಲ್ಲಿ ಪಟ್ಟಣ, ಬಾವಿ, ಕೋಟೆ ಮೂರೂ ಒಂದೇ ಪಿಕ್ಸೆಲ್. ಕತಾರ್ ಸುಮಾರು 11,500 ಚದರ ಕಿಲೋಮೀಟರಿನ ನಾಡು, ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಅದಕ್ಕೇ ಒಂದು ಮ್ಯಾಪ್ ಕೊಟ್ಟರೆ ಮುರೈರ್ ಪ್ರತ್ಯೇಕ ನೆಲೆಯಾಗುತ್ತದೆ, ಜುಬಾರಾದ ಗೋಡೆಯಿಂದ ಅಲ್ಲಿಗೆ ದಾರಿಯಾಗುತ್ತದೆ, ಆ ದಾರಿ ಕಾಯುವುದು ಆಟವಾಗುತ್ತದೆ.

ಘಟನೆಗಳಿಗೂ ಬರವಿಲ್ಲ. 1776ರಲ್ಲಿ ಇರಾನಿನ ಕರೀಂ ಖಾನ್ ಜಂದ್‌ನ ಸೈನ್ಯ ಬಸ್ರಾ ಹಿಡಿದಾಗ ಅಲ್ಲಿನ ವ್ಯಾಪಾರಿಗಳಲ್ಲಿ ಹಲವರು ಜುಬಾರಾ ಕಡೆ ಸರಿದರು. ಪಕ್ಕದ ಖೋರ್ ಹಸ್ಸಾನ್‌ನಲ್ಲಿ ನೆಲೆಸಿದ್ದ ರಹ್ಮಾ ಬಿನ್ ಜಾಬಿರ್ ಎಂಬ ಕಡಲ ಸೇನಾನಿ ಹಳೆಯ ಜೊತೆಗಾರರಾದ ಖಲೀಫಾ ಮನೆತನದವರ ಮೇಲೆ ಜೀವಮಾನವಿಡೀ ಹಗೆ ಸಾಧಿಸಿ, 1826ರಲ್ಲಿ ಸೋಲು ಎದುರಾದಾಗ ತನ್ನ ಹಡಗಿನ ಮದ್ದಿಗೆ ತಾನೇ ಬೆಂಕಿಯಿಟ್ಟು ಸತ್ತ. 1811ರಲ್ಲಿ ಮಸ್ಕತ್‌ನವರ ದಾಳಿಗೆ ಜುಬಾರಾ ಸುಟ್ಟುಹೋಯಿತು. ಮುಂದೆ 1867ರಲ್ಲಿ ಬಹರೈನ್ ಮತ್ತು ಅಬುಧಾಬಿ ಸೇರಿ ದೋಹಾ, ವಕ್ರಾಗಳನ್ನು ಸೂರೆ ಮಾಡಿದವು. 1868ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಅಧಿಕಾರಿ ಲೂಯಿಸ್ ಪೆಲ್ಲಿ ಕತಾರ್‌ನ ಮುಖಂಡ ಮೊಹಮ್ಮದ್ ಬಿನ್ ಥಾನಿಯ ಜೊತೆ ಒಪ್ಪಂದ ಮಾಡಿಕೊಂಡ. 1893ರ ಮಾರ್ಚ್‌ನಲ್ಲಿ ವಜ್ಬಾದಲ್ಲಿ ಅವನ ಮಗ ಜಾಸಿಮ್ ಬಿನ್ ಮೊಹಮ್ಮದ್ ಆಟೋಮನ್ ತುಕಡಿಯನ್ನು ಸೋಲಿಸಿದ. ಒಂದೊಂದೂ ತನ್ನಷ್ಟಕ್ಕೆ ಒಂದು ಕ್ಯಾಂಪೇನ್.

ಚಿಕ್ಕ ಕ್ಯಾಂಪೇನ್‌ಗೆ ಕೆಲಸ ಕಡಿಮೆಯಾದರೂ ಓದು ಹೆಚ್ಚು ಬೇಕು. ಖಂಡ ಬಿಡಿಸುವವನಿಗೆ ಅಟ್ಲಾಸ್ ಸಾಕು, ತೀರ ಬಿಡಿಸುವವನಿಗೆ ಯಾವ ಊರಿನಲ್ಲಿ ಎಷ್ಟು ದೋಣಿಯಿತ್ತು ಎಂದು ಗೊತ್ತಿರಬೇಕು. ಕತಾರ್ ಮಟ್ಟಿಗೆ ಆ ಭಾಗ್ಯವಿದೆ. ಕತಾರ್ ಫೌಂಡೇಶನ್ ಮತ್ತು ಬ್ರಿಟಿಷ್ ಲೈಬ್ರರಿ ಸೇರಿ 2014ರಲ್ಲಿ ತೆರೆದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳು, ನಕ್ಷೆಗಳು, ಜೆ.ಜಿ. ಲೋರಿಮರ್‌ನ ಕೊಲ್ಲಿಯ ಗೆಜೆಟಿಯರ್ ಎಲ್ಲವೂ ಉಚಿತವಾಗಿ ಓದಲು ಸಿಗುತ್ತವೆ. ಲೋರಿಮರ್ ಬಂದರು ಬಂದರಿಗೆ ಮುತ್ತಿನ ದೋಣಿಗಳನ್ನು ಎಣಿಸಿ ಬರೆದಿದ್ದಾನೆ. ಈ ಕಾಗದಗಳೆಲ್ಲ ಒಂದು ಕಾಲಕ್ಕೆ ಬುಶೆಹರ್‌ನಿಂದ ಬಾಂಬೆಗೂ ಕಲ್ಕತ್ತೆಗೂ ಓಡಾಡಿದವು. ಕೊಲ್ಲಿಯನ್ನು ಬ್ರಿಟಿಷರು ನೋಡಿಕೊಳ್ಳುತ್ತಿದ್ದುದು ಭಾರತದಿಂದ.

ಮ್ಯಾಪಿನ ಅಂಚಿನಾಚೆ

ಇಷ್ಟೆಲ್ಲ ಹೇಳಿದ ಮೇಲೂ ಗ್ರ್ಯಾಂಡ್ ಕ್ಯಾಂಪೇನ್ ಕಟ್ಟುವವರ ಬಳಿ ಒಂದು ಬಲವಾದ ವಾದ ಉಳಿಯುತ್ತದೆ. ಮೊದಲು ಹೇಳಿದ ಎರಡು ಯುದ್ಧಗಳನ್ನೇ ತೆಗೆದುಕೊಳ್ಳಿ. ಮಂಗಳೂರು ಮತ್ತು ಕೊಲ್ಲಿ ಎರಡು ಬೇರೆ ಲೋಕಗಳಾಗಿರಲಿಲ್ಲ. ಟಿಪ್ಪುವಿಗೆ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯಿತ್ತು. ಅಲ್ಲಿನ ತನ್ನ ಅಧಿಕಾರಿಗೆ ಅವನು ಬರೆದ ಪತ್ರಗಳಲ್ಲಿ ರೇಷ್ಮೆಹುಳು ಕಳಿಸು, ಮುತ್ತಿನ ಮುಳುಗುಗಾರರನ್ನು ಹುಡುಕಿ ಕಳಿಸು ಎಂಬ ಅಪ್ಪಣೆಗಳಿವೆ. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಬಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1798ರ ಅಕ್ಟೋಬರ್‌ನಲ್ಲಿ, ಫ್ರೆಂಚರನ್ನು ದೂರವಿಡುವ ಒಪ್ಪಂದಕ್ಕೆ ಕಂಪನಿಯವರು ಮಸ್ಕತ್‌ನ ಸಹಿ ಹಾಕಿಸಿಕೊಂಡಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

'ನೆಪೋಲಿಯನ್' ಆಟದ ಈಜಿಪ್ಟ್ ಕ್ಯಾಂಪೇನ್ ಆಡಿದವರು ಪಿರಮಿಡ್ಡಿನಿಂದ ಸಿರಿಯಾದವರೆಗೆ ಓಡಾಡುತ್ತಾರೆ. ಆ ದಂಡಯಾತ್ರೆಯ ಹಿಂದಿನ ಆಸೆಗಳಲ್ಲಿ ಒಂದಾಗಿದ್ದ ಮೈಸೂರು ಆ ಮ್ಯಾಪಿನ ಅಂಚಿನಾಚೆ ಇದೆ. ಚಿಕ್ಕ ಕ್ಯಾಂಪೇನ್‌ಗಳ ದೌರ್ಬಲ್ಯ ಇದು: ಕೈಗೆ ಸಿಕ್ಕಷ್ಟನ್ನು ಚೆನ್ನಾಗಿ ತೋರಿಸಿ, ಅದಕ್ಕೆ ಕಾರಣವಾದದ್ದನ್ನು ಹೊರಗೆ ಬಿಡುತ್ತವೆ.

ಇನ್ನೂ ಹಿಂದಕ್ಕೆ ಹೋದರೆ ಈ ನಂಟು ಕುದುರೆಯದು. ವಿಜಯನಗರದ ದಂಡಿಗೆ ಕುದುರೆಗಳು ಕೊಲ್ಲಿಯಿಂದ ಹೊರಮುಜ್ ದಾಟಿ ಭಟ್ಕಳ, ಹೊನ್ನಾವರಗಳಿಗೂ ಗೋವೆಗೂ ಬಂದಿಳಿಯುತ್ತಿದ್ದವು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ರಾಯಚೂರಿನಲ್ಲಿ ಗೆದ್ದ. ಮರುವರ್ಷ ಪೋರ್ಚುಗೀಸರೂ ಹೊರಮುಜ್‌ನವರೂ ಬಹರೈನಿನ ಮೇಲೆ ಬಿದ್ದು, ಪೂರ್ವ ಅರೇಬಿಯಾ ಆಳುತ್ತಿದ್ದ ಜಬ್ರಿ ಮನೆತನದ ಮುಕ್ರಿನ್‌ನನ್ನು ಕೊಂದರು. ಕುದುರೆಯ ದಾರಿ ಯಾರ ಕೈಲಿದೆ ಎಂಬುದು ರಾಯಚೂರು ದೋಆಬಿನ ಯುದ್ಧಕ್ಕೂ ಬೇಕಾದ ವಿಷಯ. ಇದನ್ನು ತೋರಿಸಲು ಅರಬ್ಬಿ ಸಮುದ್ರವಿಡೀ ಬೇಕು.

ಹೊರಗಿನದನ್ನು ಒಳಗೆ ತರುವ ಉಪಾಯಗಳು ಇಲ್ಲದಿಲ್ಲ. 'ಮೆಡೀವಲ್ 2' ಆಟದಲ್ಲಿ ಮಂಗೋಲರ ದೇಶ ಮ್ಯಾಪಿನಲ್ಲಿ ಇಲ್ಲವೇ ಇಲ್ಲ. ನಿಗದಿತ ಕಾಲಕ್ಕೆ ಪೂರ್ವದ ಅಂಚಿನಲ್ಲಿ ಅವರ ದಂಡು ಹಠಾತ್ತನೆ ಪ್ರತ್ಯಕ್ಷವಾಗುತ್ತದೆ. ಅದೇ ರೀತಿ ಜುಬಾರಾ ಕ್ಯಾಂಪೇನ್‌ನಲ್ಲಿ ಬಸ್ರಾದ ಪತನವನ್ನು, ಮುತ್ತಿನ ಬೆಲೆ ಏರಿದ್ದನ್ನು, ಮಲಬಾರಿನಿಂದ ಮರ ಬಾರದಿದ್ದದ್ದನ್ನು ಸುದ್ದಿಯಾಗಿ, ಖಜಾನೆಯ ಏರಿಳಿತವಾಗಿ ಹೆಣೆಯಬಹುದು. ಹಡಗು ಕಟ್ಟಲು ಮರ ಭಾರತದ ತೀರದಿಂದಲೇ ಹೋಗಬೇಕಿತ್ತು. ಅಂಥ ಸುದ್ದಿ ಬಂದ ಟರ್ನ್‌ನಲ್ಲಿ ಹೊಸ ಧೌ ಕಟ್ಟಲಾಗದಿದ್ದರೆ ಸಮುದ್ರದಾಚೆಯ ಊರು ಆಟಗಾರನಿಗೆ ತಟ್ಟುತ್ತದೆ.

ಜೋಡಿಸಿದರೆ ದೊಡ್ಡದಾಗುವುದಿಲ್ಲ

ಇಲ್ಲಿ ಬಹಳ ತಂಡಗಳು ಒಂದು ನಡುದಾರಿ ಹಿಡಿಯುತ್ತವೆ: ಈಗ ನಾಲ್ಕು ಚಿಕ್ಕವನ್ನು ಮಾಡೋಣ, ಕೊನೆಗೆ ಹೊಲಿದು ಒಂದು ದೊಡ್ಡದು ಮಾಡೋಣ. ಕೇಳಲು ಜಾಣತನವೆನಿಸುತ್ತದೆ. ಕೆಡುವುದು ಗಡಿಯಾರದಲ್ಲಿ. ಹದಿನೈದು ದಿನದ ಟರ್ನ್‌ಗೆ ಅಳೆದು ಮಾಡಿದ ಜುಬಾರಾವನ್ನೂ, ಆರು ತಿಂಗಳ ಟರ್ನ್ ಬೇಡುವ ಇಡೀ ಸಮುದ್ರವನ್ನೂ ಒಂದೇ ಮ್ಯಾಪಿಗೆ ಹೊಲಿದರೆ ಒಂದರ ಲೆಕ್ಕ ಹಾಳಾಗಲೇಬೇಕು. ಮುತ್ತಿನ ಕಾಲ ಕಳಚಿಬೀಳುತ್ತದೆ, ಮುರೈರ್ ಬಾವಿ ಮತ್ತೆ ಪಿಕ್ಸೆಲ್ಲಿನೊಳಗೆ ಮುಳುಗುತ್ತದೆ. ಉಳಿಯುವುದು ಚಿಕ್ಕದರ ಸೊಗಸೂ ಇಲ್ಲದ, ದೊಡ್ಡದರ ಹರವೂ ಇಲ್ಲದ ಅಡ್ಡಕಸುಬಿ ಆಟ.

ಒಂದರಿಂದ ಇನ್ನೊಂದಕ್ಕೆ ಹೋಗುವಂಥದ್ದು ಬೇರೆಯೇ ಇದೆ. ಒಂದು ಧೌ ಹಡಗಿನ ಮಾದರಿ 1783ಕ್ಕೂ ಆಗುತ್ತದೆ, 1867ಕ್ಕೂ ಆಗುತ್ತದೆ. ಬೆಡುಯಿನ್ ಒಂಟೆ ಸವಾರ, ಬಲೂಚಿ ಕೋವಿಗಾರ, ಕಂಪನಿ ಸಿಪಾಯಿ, ಮೈಸೂರಿನ ರಾಕೆಟ್ ಪಡೆ, ಹೆಸರುಗಳ ಪಟ್ಟಿ, ಮುಖಚಿತ್ರ, ಮನೆ ಮತ್ತು ಬುರುಜಿನ ಮಾದರಿ, ಸಂಗೀತ ಇವೆಲ್ಲ ಮತ್ತೆ ಮತ್ತೆ ಬಳಕೆಗೆ ಬರುತ್ತವೆ. ಮ್ಯಾಪ್, ಗಡಿಯಾರ, ಹಣಕಾಸು ಈ ಮೂರನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಬರೆಯಬೇಕು. 2007ರ 'ಕಿಂಗ್ಡಮ್ಸ್' ಕೂಡ ಮಾಡಿದ್ದು ಇದನ್ನೇ: ಇಂಜಿನ್ ಒಂದು, ಮ್ಯಾಪ್ ನಾಲ್ಕು, ಯಾವುದನ್ನೂ ಯಾವುದಕ್ಕೂ ಹೊಲಿಯಲಿಲ್ಲ. ಸಾಮಾನಿನ ಕೋಣೆ ಒಂದೇ ಇರಲಿ, ಅಡುಗೆ ಬೇರೆ ಬೇರೆ ಇರಲಿ ಎಂಬ ಅವಿಭಕ್ತ ಕುಟುಂಬದ ವಿವೇಕ.

ಅರಬ್ಬಿ ಸಮುದ್ರದ ದೊಡ್ಡ ಮ್ಯಾಪ್ ಬೇಡವೆಂದಲ್ಲ. ಅದರ ಪ್ರಶ್ನೆ ಬೇರೆ: ಕುದುರೆ, ಅಕ್ಕಿ, ಮುತ್ತು, ಮರಗಳ ದಾರಿ ಯಾರ ಹಿಡಿತದಲ್ಲಿದೆ? ಅದಕ್ಕೆ ಆರು ತಿಂಗಳ ಟರ್ನ್ ಸರಿಯಾಗಿ ಹೊಂದುತ್ತದೆ, ಏಕೆಂದರೆ ಮಾರುತವೂ ವರ್ಷದಲ್ಲಿ ಎರಡು ಸಲ ದಿಕ್ಕು ಬದಲಿಸುತ್ತದೆ. ಹೋಗಲು ಒಂದು ಟರ್ನ್, ಬರಲು ಒಂದು ಟರ್ನ್. ಆ ಕ್ಯಾಂಪೇನ್‌ನಲ್ಲಿ ಜುಬಾರಾ ಒಂದು ಚುಕ್ಕೆಯಾಗಿದ್ದರೂ ಅಡ್ಡಿಯಿಲ್ಲ. ಮ್ಯಾಪ್ ಎಷ್ಟು ದೊಡ್ಡದಿರಬೇಕೆಂದು ಮೊದಲು ಕೇಳಿದ ತಂಡ ಸೋಲುತ್ತದೆ. ಅಂದಿನ ಜನ ಎಷ್ಟು ದಿನಕ್ಕೊಮ್ಮೆ ತೀರ್ಮಾನ ಮಾಡಬೇಕಿತ್ತು ಎಂದು ಮೊದಲು ಕೇಳಿದರೆ ಮ್ಯಾಪಿನ ಅಳತೆ ತಾನೇ ಹೊರಬರುತ್ತದೆ.

ಆಡುವವರ ಮಾತೂ ಕೇಳಬೇಕು

ಆಟಗಾರರಲ್ಲಿ ಬಹಳ ಜನಕ್ಕೆ ಗ್ರ್ಯಾಂಡ್ ಕ್ಯಾಂಪೇನೇ ಇಷ್ಟ. ಹರಿಹರ ಬುಕ್ಕರಿಂದ ಶುರು ಮಾಡಿ ದೆಹಲಿಯವರೆಗೆ ಹೋಗುವ ಸುಖ ಚಿಕ್ಕ ಮ್ಯಾಪಿನಲ್ಲಿಲ್ಲ. ಚಿಕ್ಕ ಕ್ಯಾಂಪೇನ್ ಎರಡು ಸಲ ಆಡಿದರೆ ಮುಗಿಯಿತು ಎಂಬ ದೂರೂ ಸುಳ್ಳಲ್ಲ. ಎಲ್ಲವನ್ನೂ ಸ್ಕ್ರಿಪ್ಟ್ ಬರೆದು, ಆಟಗಾರ ಏನೇ ಮಾಡಿದರೂ ಪಠ್ಯಪುಸ್ತಕದ ಹಾಗೇ ನಡೆಯುವಂತೆ ಕಟ್ಟಿದ ಚಿಕ್ಕ ಕ್ಯಾಂಪೇನ್‌ಗಳೂ ಇವೆ. ಅವು ಆಟವಲ್ಲ, ಪಾಠ. ಇನ್ನು ತಂಡದೊಳಗಿನ ರಾಜಕೀಯ. ಉಚಿತವಾಗಿ ದುಡಿಯುವವರಿಗೆ ಸಂಬಳವೆಂದರೆ ತಮ್ಮೂರಿನ ರಾಜನನ್ನು ಮ್ಯಾಪಿನಲ್ಲಿ ಕಾಣುವ ಸಂತೋಷ. ಗ್ರ್ಯಾಂಡ್ ಕ್ಯಾಂಪೇನ್ ಎಂದರೆ ಎಲ್ಲರಿಗೂ ಜಾಗವಿರುತ್ತದೆ, ಆದ್ದರಿಂದ ಜನ ಸೇರುತ್ತಾರೆ. ಕೆಲಸ ಮುಗಿಯದೆ ನಿಲ್ಲುವುದೂ ಅದಕ್ಕೇ.

ಆದರೆ ಗ್ರ್ಯಾಂಡ್ ಕ್ಯಾಂಪೇನ್ ಎಷ್ಟು ಇತಿಹಾಸ ಎಂಬುದನ್ನೂ ಕೇಳಬೇಕಲ್ಲ. ಐವತ್ತು ಟರ್ನ್ ಕಳೆದ ಮೇಲೆ ಅಲ್ಲಿ ಯಾವ ರಾಜ್ಯವೂ ಇರಬೇಕಾದಲ್ಲಿ ಇರುವುದಿಲ್ಲ. ಮೊದಲ ದಿನದ ಚಿತ್ರಕ್ಕಾಗಿ ವರ್ಷಗಟ್ಟಲೆ ಓದಿದ್ದು ಹತ್ತನೇ ಟರ್ನ್‌ಗೆ ಕದಡಿಹೋಗುತ್ತದೆ. ಚಿಕ್ಕ ಕ್ಯಾಂಪೇನ್‌ನಲ್ಲಿ ಆರಂಭ ಮತ್ತು ಅಂತ್ಯದ ನಡುವಿನ ದೂರ ಕಡಿಮೆ. ಆಟಗಾರ ದಾರಿ ಬದಲಿಸಿದರೂ ನೆಲ ಅದೇ, ಮಳೆ ಅದೇ, ಬಾವಿ ಅದೇ. ಚಿಕ್ಕ ಊರುಗಳ ಪಾಲಿಗಂತೂ ಈ ಆಯ್ಕೆಯಲ್ಲಿ ಅಳಿವು ಉಳಿವಿನ ಪ್ರಶ್ನೆಯಿದೆ. ಸಾಮ್ರಾಜ್ಯಗಳಿಗೆ ಎರಡೂ ಬಗೆಯ ಮ್ಯಾಪಿನಲ್ಲಿ ಜಾಗವುಂಟು. ಜುಬಾರಾ, ಕೆಳದಿ, ಉಳ್ಳಾಲಗಳಿಗೆ ದೊಡ್ಡ ಮ್ಯಾಪಿನಲ್ಲಿ ಇರುವುದು ಒಂದೇ ಪಾತ್ರ, ಯಾರೋ ಗೆದ್ದುಕೊಳ್ಳುವ ಪ್ರಾಂತ್ಯವಾಗುವುದು.

ಗೆಲುವು ಎಂದರೇನು

ಕ್ಯಾಂಪೇನ್ ಕಡತದಲ್ಲಿ ಕೊನೆಗೆ ಬರೆಯುವ ಸಾಲುಗಳು ಗೆಲುವಿನ ಷರತ್ತಿನವು. 'ಮೆಡೀವಲ್ 2' ಆಟದ ದೀರ್ಘ ಕ್ಯಾಂಪೇನ್ ಗೆಲ್ಲಲು 45 ಪ್ರಾಂತ್ಯ ಹಿಡಿಯಬೇಕು. ದೊಡ್ಡ ಮ್ಯಾಪಿಗೆ ಬೇರೆ ಷರತ್ತು ಹೊಳೆಯುವುದೂ ಕಷ್ಟ. ಅಷ್ಟು ನೆಲವಿದ್ದರೆ ಗೆಲುವೆಂದರೆ ನೆಲವೇ.

ಜುಬಾರಾಗೆ ಆ ಷರತ್ತು ಹಾಕಿದರೆ ನಗೆಪಾಟಲು. ಅಲ್ಲಿನವರಿಗೆ ಬೇಕಾಗಿದ್ದದ್ದು ಬಂದರು ತೆರೆದಿರುವುದು, ದೋಣಿಗಳು ಬೇಸಿಗೆ ಮುಗಿಸಿ ಮರಳುವುದು, ಬಾವಿಯ ದಾರಿ ತಪ್ಪದಿರುವುದು. ಬಹರೈನ್ ಗೆದ್ದ ಮೇಲೆ ಖಲೀಫಾ ಮನೆತನವೂ ವ್ಯಾಪಾರವೂ ನಿಧಾನವಾಗಿ ಆಚೆ ಸರಿದವು. ಗೆಲುವೇ ಜುಬಾರಾಗೆ ಮುಳುವಾಯಿತು ಎನ್ನಬಹುದು. ಹಾಗಾದರೆ ಷರತ್ತು ಹೀಗಿರಲಿ: 1811 ದಾಟಿದಾಗ ಜುಬಾರಾದ ಬಜಾರಿನಲ್ಲಿ ವ್ಯಾಪಾರ ನಡೆಯುತ್ತಿರಬೇಕು. ಪ್ರಾಂತ್ಯ ಎಷ್ಟೇ ಇರಲಿ, ಒಂದೇ ಇರಲಿ. ಇದಕ್ಕೆ ಆಟಗಾರ ಬಹರೈನ್ ಹಿಡಿಯದೆ ಬಿಡಬಹುದು, ರಹ್ಮಾನ ಜೊತೆ ರಾಜಿಯಾಗಬಹುದು, ಮಸ್ಕತ್‌ಗೆ ಕಪ್ಪ ಕಟ್ಟಬಹುದು. ಇತಿಹಾಸದಲ್ಲಿ ಆ ಊರಿಗೆ ಸಾಧ್ಯವಾಗದ್ದನ್ನು ಸಾಧಿಸುವುದೇ ಗೆಲುವು. ಇಂಥ ಒಂದು ಆಟವನ್ನು ದೋಹಾದಲ್ಲೋ ಮಂಗಳೂರಿನಲ್ಲೋ ಕೂತ ನಾಲ್ಕು ಜನ ಕಟ್ಟಬಹುದು. ಮಾಡ್ ತಂಡ ಸೇರಿದ ಮೊದಲ ದಿನ ಬರೆಯಬೇಕಾದದ್ದೂ ಈ ಕೊನೆಯ ಸಾಲನ್ನೇ: ಈ ಊರಿಗೆ ಗೆಲುವೆಂದರೆ ಏನು? ಉತ್ತರ ಗೊತ್ತಿದ್ದರೆ ಗಡಿಯಾರ, ಮ್ಯಾಪ್, ಕಪ್ಪು ಚುಕ್ಕೆ ಎಲ್ಲವನ್ನೂ ಅದೇ ಹೇಳಿಕೊಡುತ್ತದೆ.